ಪಂಚನಾಮೆಯ ಕಾಗದ



2025ರ ನವೆಂಬರ್ 3, ಸೋಮವಾರ. ಅಂದು ಮುಂಜಾನೆ ತಾಂಡೂರಿನಿಂದ ಹೈದರಾಬಾದಿಗೆ ಹೊರಟಿದ್ದ ಸರಕಾರಿ ಬಸ್ಸಿಗೆ ಚೇವೆಳ್ಳದ ಹತ್ತಿರ ಮಿರ್ಜಾಗುಡದ ಬಳಿ ಜಲ್ಲಿ ಹೇರಿದ ಟಿಪ್ಪರು ಎದುರಿನಿಂದ ಬಂದು ಅಪ್ಪಳಿಸಿತು. ಜಲ್ಲಿಯು ಪ್ರಯಾಣಿಕರ ಮೇಲೆಯೇ ಸುರಿಯಿತು. ಎರಡೂ ವಾಹನಗಳ ಚಾಲಕರೂ ಸೇರಿ 19 ಮಂದಿ ಅಸುನೀಗಿದರು. ಆ ದಾರಿಯಲ್ಲಿ ನಮ್ಮವರು ಓಡಾಡದ ದಿನವುಂಟೆ?

ಇಂತಹ ಸಾವಿನ ವಿಚಾರಣೆಗೆಂದು ಹಿಂದೆ ಮುಂಬಯಿ, ಕಲಕತ್ತೆಗಳಲ್ಲಿ 1871ರ ಕಾಯಿದೆಯಂತೆ 'ಕಾರೋನರ್' ಎಂಬ ಅಧಿಕಾರಿಯಿದ್ದನು. ಈಗ ಆ ಪದವಿಯಿಲ್ಲ. ನಮ್ಮಲ್ಲಿ ಆ ಕೆಲಸ ಪೊಲೀಸರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಂತೆ ಅವರು ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮಕ್ಷಮದಲ್ಲಿ ದೇಹವನ್ನು ನೋಡಿ, ಗಾಯಗಳನ್ನೂ ಮೇಲ್ನೋಟಕ್ಕೆ ಕಂಡ ಸಾವಿನ ಕಾರಣವನ್ನೂ ಬರೆಯುತ್ತಾರೆ. ಅದೇ ಶವಪಂಚನಾಮೆ. ತಪ್ಪು ಯಾರದೆಂಬ ತೀರ್ಪನ್ನು ಅದು ಕೊಡುವುದಿಲ್ಲ. ರಸ್ತೆಯ ಅಗಲ, ಚಕ್ರದ ಗುರುತು, ವಾಹನಗಳು ನಿಂತ ಬಗೆ ಮೊದಲಾದವನ್ನು ಸ್ಥಳಪಂಚನಾಮೆ ಹೇಳುತ್ತದೆ. ಬ್ರೇಕು ಸರಿಯಿತ್ತೇ ಎಂಬುದನ್ನು ಮೋಟಾರು ವಾಹನ ನಿರೀಕ್ಷಕರು ಪರೀಕ್ಷಿಸುತ್ತಾರೆ. ಚಾಲಕರಿಬ್ಬರೂ ಮಡಿದಾಗ ಮಾತನಾಡಬಲ್ಲವು ಈ ಕಾಗದಗಳು ಮತ್ತು ಬದುಕುಳಿದವರ ಹೇಳಿಕೆಗಳು ಮಾತ್ರ.

ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ನಮ್ಮ ಮನೆಗಳಿಗೆ ಇಲ್ಲೊಂದು ತೊಡಕುಂಟು. ಪಂಚನಾಮೆ ತೆಲುಗಿನಲ್ಲಿರುತ್ತದೆ, ದುಃಖದಲ್ಲಿ ಮುಳುಗಿದವರು ಓದದೆಯೇ ಸಹಿ ಹಾಕುತ್ತಾರೆ. ಓದಿ ಹೇಳಿರೆಂದು ಕೇಳಲು ಸಂಕೋಚ ಬೇಡ. ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಉದ್ಯೋಗ ಇವು ಆಧಾರದಲ್ಲಿರುವಂತೆಯೇ ಇವೆಯೇ ನೋಡಿರಿ. 'ಕೂಲಿ' ಎಂದೊಂದು ಪದ ತಪ್ಪಾಗಿ ಬಿದ್ದರೆ ಮುಂದೆ ಪರಿಹಾರದ ಲೆಕ್ಕವೇ ಇಳಿದೀತು.

ಎಫ್.ಐ.ಆರ್., ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ ಈ ಮೂರರ ಪ್ರತಿಗಳನ್ನು ಮನೆಯಲ್ಲಿ ಜೋಪಾನವಾಗಿಡಿರಿ. ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಸಲ್ಲಿಸಬೇಕೆಂದು ಮೋಟಾರು ವಾಹನ ಕಾಯಿದೆಯ 166ನೆಯ ಕಲಮು ವಿಧಿಸಿದೆ. ಅಪಘಾತ ನಡೆದ ಕಡೆಯಲ್ಲೇ ಆಗಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಪ್ರದೇಶದ ನ್ಯಾಯಮಂಡಳಿಗೂ ಕೊಡಬಹುದು. ಆದುದರಿಂದ ಮಗನು ಬೀದರದ ರಸ್ತೆಯಲ್ಲಿ ಮಡಿದರೂ ಜಹೀರಾಬಾದಿನ ತಾಯಿ ಗಡಿ ದಾಟಿ ಅಲೆಯಬೇಕಾಗಿಲ್ಲ.

ಹೋದ ಜೀವವನ್ನು ಯಾವ ಕಾಗದವೂ ಮರಳಿ ತಾರದು. ಆದರೆ ಉಳಿದ ಮಕ್ಕಳ ಅನ್ನ, ವಿದ್ಯೆಗಳು ಆ ಕಾಗದದ ಮೇಲೆ ನಿಂತಿರುತ್ತವೆ. ನೆರೆಮನೆಯಲ್ಲಿ ಇಂತಹ ದುಃಖ ಬಂದಾಗ ಕಣ್ಣೀರೊರೆಸಲು ಹೋದವರಲ್ಲಿ ತೆಲುಗು ಬಲ್ಲ ಒಬ್ಬರು ಠಾಣೆಗೂ ಜೊತೆಯಾಗಿ ಹೋಗಲಿ.