ನೂಕಿದರೂ ದಡಕ್ಕೇ ಮರಳಿದ ತಿಮಿಂಗಿಲಗಳು

2016ರ ಜನವರಿ ಎರಡನೇ ವಾರದಲ್ಲಿ ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಮಣಪಾಡು ಸುತ್ತಲಿನ ಕಡಲತಡಿಗೆ 80ಕ್ಕೂ ಹೆಚ್ಚು ತಿಮಿಂಗಿಲಗಳು ಬಂದು ಬಿದ್ದವು. ಸಂತ ಫ್ರಾನ್ಸಿಸ್ ಕ್ಸೇವಿಯರರ ನೆನಪು ಹೊತ್ತ ಊರದು. ಅಲ್ಲಿನ ಮೀನುಗಾರರು ಅವುಗಳನ್ನು ನೀರಿಗೆ ನೂಕಿದರು, ದೋಣಿಗೆ ಕಟ್ಟಿ ಎಳೆದರು. ಹಲವು ಮತ್ತೆ ದಡಕ್ಕೇ ಬಂದವು. 40ಕ್ಕೂ ಹೆಚ್ಚು ಸತ್ತವು. 1973ರ ಜನವರಿಯಲ್ಲೂ ಇದೇ ಕರಾವಳಿಗೆ 147 ತಿಮಿಂಗಿಲಗಳು ಬಂದ ದಾಖಲೆಯಿದೆ.

ಇಂತಹ ಸುದ್ದಿ ಬಂದಾಗಲೆಲ್ಲ 'ತಿಮಿಂಗಿಲಗಳ ಸಾಮೂಹಿಕ ಆತ್ಮಹತ್ಯೆ' ಎಂಬ ಮಾತು ಹಬ್ಬುತ್ತದೆ. ನಾವು ಇದನ್ನು ಒಪ್ಪುವುದಿಲ್ಲ. ಮಣಪಾಡಿಗೆ ಬಂದವು ಗಿಡ್ಡ ರೆಕ್ಕೆಯ ಪೈಲಟ್ ತಿಮಿಂಗಿಲಗಳು. ಹೆಸರಿಗೆ ತಿಮಿಂಗಿಲವಾದರೂ ಕುಲದಲ್ಲಿ ಡಾಲ್ಫಿನ್. ತಾಯಿ, ಮಕ್ಕಳು, ಅಜ್ಜಿ ಒಂದೇ ಗುಂಪಿನಲ್ಲಿ ಬಾಳುತ್ತವೆ. ಹೆಣ್ಣು 40ರ ಆಸುಪಾಸಿನಲ್ಲಿ ಹೆರುವುದನ್ನು ನಿಲ್ಲಿಸಿದರೂ 60 ದಾಟಿ ಬದುಕಬಲ್ಲದು. ಆಳ ಕಡಲಲ್ಲಿ ಮುಳುಗಿ ಬೊಂಡಾಸ್ ಹಿಡಿದು ತಿನ್ನುವ ಇವು ಶಬ್ದದ ಪ್ರತಿಧ್ವನಿಯಿಂದ ದಾರಿ ತಿಳಿಯುತ್ತವೆ. ಇಳಿಜಾರಾದ ಮರಳು ತಡಿಯಲ್ಲಿ ಆ ಪ್ರತಿಧ್ವನಿ ಸರಿಯಾಗಿ ಸಿಗಲಿಕ್ಕಿಲ್ಲ ಎಂದು ತಜ್ಞರು ಊಹಿಸುತ್ತಾರೆ. ಒಂದು ದಾರಿ ತಪ್ಪಿದರೆ ಉಳಿದವು ಅದನ್ನು ಬಿಟ್ಟು ಹೋಗುವುದಿಲ್ಲ. ಒಂದೊಂದಾಗಿ ನೂಕಿದರೆ, ದಡದಲ್ಲಿ ಉಳಿದವುಗಳ ಕೂಗಿಗೆ ಅದು ಮರಳುವುದು ಸಹಜವೇ.

ಗುರುತು ಕಷ್ಟವಲ್ಲ. ಮೈ ಕಪ್ಪು, ತಲೆ ಕೊಡದಂತೆ ಉರುಟು. ಬೆನ್ನಿನ ರೆಕ್ಕೆ ತಗ್ಗು, ಬುಡ ಅಗಲ, ನಡುಬೆನ್ನಿಗಿಂತ ಮುಂದಕ್ಕೆ ಇರುತ್ತದೆ. ಹೆಣ್ಣು ಸುಮಾರು 5 ಮೀಟರ್, ಗಂಡು 7 ಮೀಟರ್ ವರೆಗೂ ಬೆಳೆಯುತ್ತದೆ. ಇದನ್ನೇ ಹೋಲುವ ಇನ್ನೊಂದು ಕಪ್ಪು ಜಾತಿಯ ತಲೆ ಸಪೂರ, ರೆಕ್ಕೆ ನಡುಬೆನ್ನಿನಲ್ಲೇ.

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 2020ರಲ್ಲಿ ಸುಮಾರು 470 ಪೈಲಟ್ ತಿಮಿಂಗಿಲಗಳು ಸಿಕ್ಕಿಬಿದ್ದಾಗ, ತರಬೇತಿ ಪಡೆದವರು ದೋಣಿಗಳೊಂದಿಗೆ ಆಳ ನೀರಿಗೆ ಒಯ್ದು ನೂರಕ್ಕೂ ಹೆಚ್ಚನ್ನು ಉಳಿಸಿದರು. ನಮ್ಮ ಕರಾವಳಿಯಲ್ಲಿ ಹೀಗಾದರೆ ಮೊದಲು ಓಡುವವರು ತಡಿಯ ವಾಳೆಯ ಜನರೇ. ಬಾಲ ಹಿಡಿದು ಎಳೆದರೆ ಬೆನ್ನುಮೂಳೆಗೆ ಪೆಟ್ಟು. ಉಸಿರಾಡುವ ರಂಧ್ರ ತಲೆಯ ಮೇಲಿದೆ. ಅಲ್ಲಿಗೆ ನೀರು, ಮರಳು ಹೋಗಬಾರದು. ಒದ್ದೆ ಬಟ್ಟೆ ಹೊದಿಸಿ, ಜನರನ್ನು ದೂರವಿಡಿ. ಅವನ್ನು ಕೊಯ್ಯುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಇಗರ್ಜಿಯ ಗಂಟೆ ಬಾರಿಸಿ ಜನ ಸೇರಿಸುವ ಮುನ್ನ ಅರಣ್ಯ ಇಲಾಖೆಗೆ ಫೋನ್ ಮಾಡಿ.