ಹೊಳೆ ದಂಡೆಯ ಮಕ್ಕಳಿಗೆ ನೀರಿನ ಪಾಠ ಯಾವಾಗ?

ಎಂಜಿನ್ ಕಾಲದಲ್ಲೂ ನಮ್ಮ ನೌಕಾಪಡೆ ಹೊಸಬರಿಗೆ ಹಾಯಿ ಬಿಚ್ಚುವುದನ್ನು ಕಲಿಸುತ್ತದೆ. ಅದಕ್ಕೆಂದೇ ಗೋವಾದಲ್ಲಿ ಕಟ್ಟಿದ ಹಾಯಿಹಡಗು 'ತರಂಗಿಣಿ' 1997ರಲ್ಲಿ ಸೇವೆಗೆ ಸೇರಿತು. 2003-04ರಲ್ಲಿ ಜಗತ್ತನ್ನೇ ಸುತ್ತಿ ಬಂತು. ಗಾಳಿಯ ದಿಕ್ಕು, ಹಗ್ಗದ ಹಿಡಿತ, ಜೊತೆಯವರ ಮೇಲಿನ ನಂಬಿಕೆ ಪುಸ್ತಕದಿಂದ ಬರುವುದಿಲ್ಲ.

ನಮ್ಮ ಶಾಲಾ ಪ್ರವಾಸ? ಬಸ್ಸು, ಗುಡಿ, ಬೀಚು, ಸೆಲ್ಫಿ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದು ಮುರುಡೇಶ್ವರದ ಕಡಲಿಗಿಳಿದ ನಾಲ್ವರು ವಿದ್ಯಾರ್ಥಿನಿಯರು ಮನೆಗೆ ಮರಳಲಿಲ್ಲ. ಹಾಗಂತ ಮಕ್ಕಳನ್ನು ನೀರಿನಿಂದ ದೂರ ಇಡುವುದು ಉತ್ತರವಲ್ಲ.

ಜಮಖಂಡಿ ಭಾಗದ ರೈತರು ಹಣ, ಬೆವರು ಕೂಡಿಸಿ 1989ರಲ್ಲಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜ್ ಇದೆ. ಬೀಳಗಿಗೆ ಆಲಮಟ್ಟಿ ಹಿನ್ನೀರು, ಮುಧೋಳಕ್ಕೆ ಘಟಪ್ರಭೆ, ರಬಕವಿ-ಬನಹಟ್ಟಿಗೆ ಕೃಷ್ಣೆ. ಹೊಳೆ ಶಾಂತವಿದ್ದ ದಿನ ಲೈಫ್ ಜಾಕೆಟ್ ತೊಡಿಸಿ, ಅನುಭವಿ ಅಂಬಿಗರ ಜೊತೆ ಮಕ್ಕಳನ್ನು ದೋಣಿ ಹತ್ತಿಸಿ. ನೀರಿನ ಅಂಜಿಕೆಯೂ ಇರಲಿ, ಅರಿವೂ ಬರಲಿ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಈ ಮಾತು ನೀವೇ ಎತ್ತಿ.