ನಮ್ಮ ಮನೆಗಳಿಗೆ ಮತ್ತೆ ಒಂದು ಪಿ.ಪಿ. ನಂಬರ್ ಬೇಕು

ಮದ್ರಸದ ಐದನೇ ತರಗತಿಯಲ್ಲಿ 83 ಆಯತ್ತುಗಳ ಯಾಸೀನ್ ಸೂರತ್ತನ್ನು ತಡವರಿಸದೆ ಓದುವ ಮಕ್ಕಳಿದ್ದಾರೆ. ಅವರಲ್ಲಿ ಉಪ್ಪನ ಫೋನ್ ನಂಬರ್ ಕೇಳಿ ನೋಡಿ. ಹೆಚ್ಚಿನವರಿಗೆ ಬರುವುದಿಲ್ಲ. ಮಕ್ಕಳ ಮಾತು ಬಿಡಿ, ಉಮ್ಮಂದಿರಿಗೂ ಬರುವುದಿಲ್ಲ. ಮಗನ ಫೋಟೊ ಒತ್ತಿದರೆ ಕಾಲ್ ಹೋಗುತ್ತದೆ, ಆ ಫೋಟೊದ ಹಿಂದೆ ಒಂದು ನಂಬರ್ ಉಂಟು ಎನ್ನುವುದೇ ಮರೆತುಹೋಗಿದೆ. ದುಬೈ, ದಮ್ಮಾಮ್, ದೋಹಾದಲ್ಲಿ ದುಡಿಯುವವರಿಗೂ ಇಲ್ಲಿಯ ಮನೆಗೂ ನಡುವೆ ಈಗ ಇರುವುದು ಒಂದೇ ಒಂದು ನೂಲು, ಇಂಟರ್ನೆಟ್. ಅದು ತುಂಡಾದ ದಿನ ಎಂತ ಮಾಡುವುದು ಎಂದು ಮನೆಯವರು ಒಟ್ಟಿಗೆ ಕುಳಿತು ಮಾತಾಡಿದ್ದುಂಟಾ?

ತುಂಡಾಗುವುದಿಲ್ಲ ಎಂದು ಹೇಳುವ ಹಾಗಿಲ್ಲ. 2021ರ ಅಕ್ಟೋಬರ್ 4ರಂದು ಇಡೀ ಜಗತ್ತಿನಲ್ಲೇ ವಾಟ್ಸ್ಆ್ಯಪ್, ಫೇಸ್‌ಬುಕ್ ನಿಂತುಹೋದವು. ನಮಗೆ ರಾತ್ರಿ 9 ಗಂಟೆಯ ಹೊತ್ತು. ಸೌದಿಯಲ್ಲಿ ಆರೂವರೆ ದಾಟಿತ್ತು, ಅಂದರೆ ಡ್ಯೂಟಿ ಬಿಟ್ಟು ರೂಮಿಗೆ ಬಂದು ಮನೆಗೆ ಫೋನ್ ಮಾಡುವ ಸಮಯ. ಸುಮಾರು ಆರು ಗಂಟೆ ಯಾರಿಗೂ ಯಾರೂ ಸಿಗಲಿಲ್ಲ. ಅದು ಕಂಪೆನಿಯ ಒಳಗಿನ ತಾಂತ್ರಿಕ ತೊಂದರೆ, ಬೆಳಗ್ಗೆ ಸರಿಯಾಯಿತು, ನಾವೂ ಮರೆತೆವು.

ಅದಕ್ಕಿಂತ ಮೊದಲಿನದ್ದು ಮರೆಯುವಂಥದ್ದಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಗೋಲಿಬಾರ್ ಆಗಿ ಇಬ್ಬರು ತೀರಿಹೋದರು. ಕರ್ಫ್ಯೂ ಬಿತ್ತು. ಆ ರಾತ್ರಿಯಿಂದ 48 ಗಂಟೆ ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದರು. ಗಲ್ಫ್‌ನಲ್ಲಿ ಇದ್ದವರಿಗೆ ಟಿ.ವಿ.ಯಲ್ಲಿ ಊರಿನ ಬೀದಿ ಕಾಣುತ್ತದೆ, ಆದರೆ ಮನೆಯವರು ಸಿಗುವುದಿಲ್ಲ. ಇಲ್ಲಿ ಒಂದು ವಿಷಯ ಗಮನಿಸಬೇಕು. ನಿಲ್ಲಿಸಿದ್ದು ಇಂಟರ್ನೆಟ್ ಮಾತ್ರ. ಸಾಮಾನ್ಯ ಫೋನ್ ಕರೆ ಇತ್ತು, ಎಸ್ಸೆಮ್ಮೆಸ್ ಕೂಡ ಇತ್ತು. ಉಳ್ಳಾಲದಿಂದ ಬೆಂಗಳೂರಿಗೆ ಮಾತಾಡಬಹುದಿತ್ತು. ದುಬೈಯಿಂದ ನೇರ 0091 ಒತ್ತಿದರೂ ಉಳ್ಳಾಲಕ್ಕೆ ಬರುತ್ತಿತ್ತು. ಆದರೆ ಆ ದಾರಿಯ ಅಭ್ಯಾಸವೇ ನಮಗೆ ತಪ್ಪಿದೆ. ಇಲ್ಲಿಯ ಸಿಮ್ಮಿನಲ್ಲಿ ಐ.ಎಸ್.ಡಿ.ಗೆ ಬ್ಯಾಲೆನ್ಸ್ ಇರುವುದಿಲ್ಲ. ಇನ್ನೊಂದು ತಮಾಷೆ ಉಂಟು: ಎಷ್ಟೋ ಹುಡುಗರ ವಾಟ್ಸ್ಆ್ಯಪ್ ಇರುವುದು ಊರಿನ ಹಳೇ ನಂಬರಿನಲ್ಲಿ, ಕಿಸೆಯಲ್ಲಿರುವ ಸಿಮ್ ಮಾತ್ರ ಸೌದಿಯದು. ಆ ಸೌದಿ ನಂಬರ್ ಉಮ್ಮನಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ. ನೆಟ್ ಹೋದರೆ, ಇವರ ಫೋನಿನಲ್ಲಿ ಸೇವ್ ಆಗಿರುವ ನಂಬರಿಗೆ ಎಷ್ಟು ಕರೆ ಮಾಡಿದರೂ ಅದು ಎಲ್ಲಿಯೂ ರಿಂಗ್ ಆಗುವುದಿಲ್ಲ.

ಹಿಂದಿನವರು ನಮ್ಮಷ್ಟು ಅನುಕೂಲ ಇಲ್ಲದೆಯೂ ಇದನ್ನು ಚೆನ್ನಾಗಿ ನಿಭಾಯಿಸಿದ್ದರು. ಮನೆಯಲ್ಲಿ ಫೋನ್ ಇರಲಿಲ್ಲ, ಆದರೆ ಪ್ರತಿ ಮನೆಗೂ ಒಂದು ಪಿ.ಪಿ. ನಂಬರ್ ಇತ್ತು. ಪಕ್ಕದ ಅಂಗಡಿಯದ್ದೋ, ಹಾಜಿಯಾರರ ಮನೆಯದ್ದೋ ಲ್ಯಾಂಡ್‌ಲೈನ್. ಮದುವೆ ಕಾಗದದಲ್ಲೂ ಹೆಸರಿನ ಕೆಳಗೆ ಪಿ.ಪಿ. ಎಂದು ಹಾಕಿ ಪ್ರಿಂಟ್ ಮಾಡಿಸುತ್ತಿದ್ದರು. ಶುಕ್ರವಾರ ಅಸರ್ ಆದ ಮೇಲೆ ಫೋನ್ ಬರುತ್ತದೆ ಎಂದರೆ ಉಮ್ಮ, ಮಕ್ಕಳು ಅಲ್ಲಿ ಹೋಗಿ ಜಗಲಿಯಲ್ಲಿ ಕಾದು ಕೂರುತ್ತಿದ್ದರು. ಉಳಿದದ್ದಕ್ಕೆ ಪತ್ರ, ಊರಿಗೆ ಬರುವವರ ಕೈಯಲ್ಲಿ ಮಾತು ತುಂಬಿಸಿದ ಕ್ಯಾಸೆಟ್. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ಆ ಕೊಂಡಿಯೂ ತಪ್ಪಿತು. 1,70,000ಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನದಲ್ಲಿ ಊರಿಗೆ ತಂದರು. ಆಗ ಮನೆಯಲ್ಲಿ ಕಾದು ಕುಳಿತಿದ್ದ ಅಜ್ಜಿಯಂದಿರು ಈಗಲೂ ನಮ್ಮ ಊರುಗಳಲ್ಲಿ ಇದ್ದಾರೆ. ಮೊದಲು ಬಂದು ಮುಟ್ಟಿದವರ ಮನೆಗೆ ಓಡಿ, ನಮ್ಮವನನ್ನು ಕಂಡಿರಾ ಎಂದು ಕೇಳುವುದೊಂದೇ ದಾರಿ ಇದ್ದ ದಿನಗಳು ಹೇಗಿದ್ದವು ಎಂದು ಅವರಲ್ಲಿ ಕೇಳಿ.

ಆ ಪಿ.ಪಿ. ನಂಬರನ್ನು ಹೊಸ ರೀತಿಯಲ್ಲಿ ವಾಪಸ್ ತರಬೇಕು ಎನ್ನುವುದು ನನ್ನ ಅಭಿಪ್ರಾಯ. ಈಗ ಅದು ಪಕ್ಕದ ಮನೆ ಆಗಬಾರದು. ನಮ್ಮ ನೆಟ್ ಹೋದರೆ ಪಕ್ಕದವರದ್ದೂ ಹೋಗಿರುತ್ತದೆ, ಟವರ್ ಒಂದೇ. ಬೆಂಗಳೂರಿನಲ್ಲಿರುವ ಭಾವ, ಮುಂಬೈಯಲ್ಲಿ ಹೋಟೆಲ್ ಇಟ್ಟಿರುವ ಕಾಕ, ಹೀಗೆ ಬೇರೆ ಜಿಲ್ಲೆಯಲ್ಲಿ ಅಥವಾ ಬೇರೆ ರಾಜ್ಯದಲ್ಲಿ ಇರುವ ಒಬ್ಬರನ್ನು ಗೊತ್ತು ಮಾಡಬೇಕು. ಮನೆ ಸಿಗದಿದ್ದರೆ ಗಲ್ಫ್‌ನಲ್ಲಿರುವವನು ಅವರಿಗೆ ಫೋನ್ ಮಾಡುವುದು, ಮಗ ಸಿಗದಿದ್ದರೆ ಮನೆಯವರೂ ಅವರಿಗೇ ಮಾಡುವುದು. 2019ರಂಥ ದಿನ ಬಂದರೆ ದುಬೈಯಿಂದ ಬೆಂಗಳೂರಿಗೆ ವಾಟ್ಸ್ಆ್ಯಪ್ ನಡೆಯುತ್ತದೆ, ಬೆಂಗಳೂರಿನಿಂದ ಉಳ್ಳಾಲಕ್ಕೆ ಸಾದಾ ಕರೆ ನಡೆಯುತ್ತದೆ. ಸುದ್ದಿ ಎರಡು ಹೆಜ್ಜೆಯಲ್ಲಿ ಮುಟ್ಟುತ್ತದೆ. ಆದರೆ ಆ ಭಾವನಿಗೆ ಮೊದಲೇ ಹೇಳಿ ಒಪ್ಪಿಸಿರಬೇಕು. ಗಲಾಟೆಯ ದಿನ ಏಕಾಏಕಿ ಫೋನ್ ಮಾಡಿದರೆ ಅವರಿಗೂ ತಲೆಬುಡ ಅರ್ಥವಾಗುವುದಿಲ್ಲ.

ಎಸ್ಸೆಮ್ಮೆಸ್ಸನ್ನು ನಾವು ಬ್ಯಾಂಕಿನ ಒ.ಟಿ.ಪಿ.ಗೆ ಬಿಟ್ಟುಕೊಟ್ಟಿದ್ದೇವೆ. ಎಲ್ಲರೂ ಒಮ್ಮೆಲೇ ಫೋನ್ ಮಾಡಿ ಲೈನ್ ಜಾಮ್ ಆದಾಗ ಕೆಲಸಕ್ಕೆ ಬರುವುದು ಅದೇ. ಮಾತಿಗೆ ಲೈನು ಮುಗಿಯುವ ತನಕ ಖಾಲಿ ಇರಬೇಕು, ಸಂದೇಶಕ್ಕೆ ಒಂದು ಕ್ಷಣದ ಸಿಗ್ನಲ್ ಸಾಕು. ಆ ಕಡೆಯ ಫೋನ್ ಆಫ್ ಇದ್ದರೂ ಕಂಪೆನಿಯ ಕೇಂದ್ರದಲ್ಲಿ ಉಳಿದು, ಆನ್ ಆದಾಗ ಮುಟ್ಟುತ್ತದೆ. “ಎಲ್ಲರೂ ಕ್ಷೇಮ, ಮನೆಯಲ್ಲೇ ಇದ್ದೇವೆ” ಎಂದು ನಾಲ್ಕು ಶಬ್ದ ಬರೆದರೆ ಆಯಿತು. ಕನ್ನಡ ಟೈಪ್ ಬರದಿದ್ದರೆ ಓಕೆ ಎಂದಾದರೂ ಕಳಿಸಲು ಉಮ್ಮನಿಗೆ ಕಲಿಸಿಕೊಡಿ. ವಾಯ್ಸ್ ಮೆಸೇಜ್ ಒತ್ತಲು ಕಲಿತವರಿಗೆ ಇದೇನೂ ಕಷ್ಟವಲ್ಲ.

ಮಳೆಗಾಲದ ಕತೆ ಬೇರೆ. ಮರ ಬಿದ್ದು ಕರೆಂಟ್ ಹೋದರೆ ಟವರು ಬ್ಯಾಟರಿಯಲ್ಲಿ ಕೆಲವು ಗಂಟೆ ನಡೆದು ನಿಲ್ಲುತ್ತದೆ. ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು. ಈಗಿನ ಫೈಬರ್ ಫೋನ್ ಮನೆಯ ಕರೆಂಟಿನ ಜೊತೆಗೇ ಸಾಯುತ್ತದೆ. ಒಂದು ಬಟನ್ ಫೋನ್ ಚಾರ್ಜ್ ಮಾಡಿ ಕಪಾಟಿನಲ್ಲಿಟ್ಟರೆ ದಿನಗಟ್ಟಲೆ ಬರುತ್ತದೆ. ಅದರಲ್ಲಿ ಬೇರೆ ಕಂಪೆನಿಯ ಸಿಮ್ ಇದ್ದರೆ ಇನ್ನೂ ಒಳ್ಳೆಯದು.

ಈಗ ಎಲ್ಲದಕ್ಕಿಂತ ಕಷ್ಟದ ವಿಷಯ. ಗೊತ್ತಿಲ್ಲದ ನಂಬರ್ ಎತ್ತಬೇಡಿ ಎಂದು ನಾವೇ ಹೆಂಗಸರಿಗೆ, ಮಕ್ಕಳಿಗೆ ಹೇಳುತ್ತೇವೆ. ಸರಿಯೇ. ನಿಮ್ಮ ಮಗ ಆಸ್ಪತ್ರೆಯಲ್ಲಿದ್ದಾನೆ, ಕೂಡಲೇ ಹಣ ಹಾಕಿ ಎಂದು ಹೇಳಿ ದೋಚುವವರು ತುಂಬ ಇದ್ದಾರೆ. ಆದರೆ ಫೋನ್ ಕಳೆದುಕೊಂಡ ಮಗ ಫೋನ್ ಮಾಡುವುದು ಬೇರೆಯವರ ನಂಬರಿನಿಂದಲೇ ಅಲ್ವಾ? ಅವನು ಹತ್ತು ಸಲ ಮಾಡುತ್ತಾನೆ, ಇಲ್ಲಿ ಹತ್ತು ಸಲ ಕಟ್ ಮಾಡುತ್ತಾರೆ. ಇದಕ್ಕೆ ಖರ್ಚಿಲ್ಲದ ಉಪಾಯ ಉಂಟು. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಶಬ್ದ ಗೊತ್ತು ಮಾಡಿ. ಹಳೇ ಮನೆಯ ಹಸುವಿನ ಹೆಸರು, ಅಜ್ಜ ಕರೆಯುತ್ತಿದ್ದ ಅಡ್ಡಹೆಸರು, ಹಾಗೆ ಎಂತಾದರೂ. ಬೇರೆಯವರ ಫೋನಿನಿಂದ ಮೊದಲು ಆ ಶಬ್ದ ಬರೆದು ಒಂದು ಎಸ್ಸೆಮ್ಮೆಸ್ ಹಾಕುವುದು, ಆಮೇಲೆ ಕರೆ ಮಾಡುವುದು. ಹಣ ಕೇಳಿದರೆ ಶಬ್ದ ಕೇಳದೆ ಒಂದು ರೂಪಾಯಿ ಹಾಕಬಾರದು, ದನಿ ಮಗನದ್ದೇ ಅನಿಸಿದರೂ ಸಹ. ಈಗ ದನಿಯನ್ನೂ ನಕಲು ಮಾಡುತ್ತಾರೆ.

ಇದೆಲ್ಲ ಕಾಗದದಲ್ಲಿ ಬರೆದಿರಬೇಕು. ಫೋನಿನೊಳಗೆ ಬರೆದಿಟ್ಟು ಪ್ರಯೋಜನ ಇಲ್ಲ. ಮಗನ ಅಲ್ಲಿಯ ಸಿಮ್ ನಂಬರ್, ದೇಶದ ಕೋಡ್ ಸಮೇತ: ಯು.ಎ.ಇ. 00971, ಸೌದಿ 00966, ಕುವೈತ್ 00965, ಕತಾರ್ 00974, ಒಮಾನ್ 00968, ಬಹ್ರೈನ್ 00973. ಜೊತೆಗೆ ರೂಮಿನವರಿಬ್ಬರ ನಂಬರ್, ಕಂಪೆನಿ ಆಫೀಸಿನ ನಂಬರ್, ಕ್ಯಾಂಪ್ ಇರುವ ಜಾಗ, ಪಾಸ್‌ಪೋರ್ಟ್ ನಂಬರ್, ಇಖಾಮ ಅಥವಾ ಅಲ್ಲಿಯ ಗುರುತಿನ ಚೀಟಿಯ ನಂಬರ್. ಆ ದೇಶದ ಭಾರತೀಯ ರಾಯಭಾರ ಕಚೇರಿಯ ಸಹಾಯವಾಣಿಯೂ ಇರಲಿ. ನಮ್ಮವರ ಸುದ್ದಿ ಇಲ್ಲ ಎಂದು ವಿದೇಶಾಂಗ ಇಲಾಖೆಯ ಮದದ್ ಪೋರ್ಟಲಿನಲ್ಲಿ ದೂರು ಕೊಡಲು ಹೊರಟರೂ ಮೊದಲು ಬೇಕಾಗುವುದು ಈ ವಿವರಗಳೇ. ರೇಷನ್ ಕಾರ್ಡಿನ ಕವರಿನಲ್ಲಿ ಇಟ್ಟರೆ ಮನೆಯಲ್ಲಿ ಯಾರಿಗೂ ಸಿಗುತ್ತದೆ. ಅವನ ಪರ್ಸಿನಲ್ಲೂ ಒಂದು ಚೀಟಿ: ಮನೆ, ಬೆಂಗಳೂರಿನ ಭಾವ, ಪಕ್ಕದ ಮನೆ. ಲ್ಯಾಂಡ್‌ಲೈನ್ ಇದ್ದರೆ 0824ರ ಮೊದಲ ಸೊನ್ನೆ ಬಿಟ್ಟು 0091824 ಎಂದು ಶುರು ಮಾಡಿ ಬರೆಯಬೇಕು. ಅವಸರದಲ್ಲಿ ತಪ್ಪುವುದು ಅಲ್ಲಿಯೇ.

ಹಜ್, ಉಮ್ರಾಕ್ಕೆ ಹೊರಟವರಿಗೆ ಇದು ಇನ್ನೂ ಹೆಚ್ಚು ಬೇಕು. ಮಿನಾದಲ್ಲಿ ಟೆಂಟುಗಳೆಲ್ಲ ಒಂದೇ ತರ, ಜನ ಲಕ್ಷಗಟ್ಟಲೆ. 2015ರ ಸೆಪ್ಟೆಂಬರ್ 24ರ ನೂಕುನುಗ್ಗಲಿನಂಥ ದಿನ ಇಲ್ಲಿ ಪ್ರತಿ ಹಾಜಿಯ ಮನೆಯಲ್ಲೂ ಉಸಿರು ಬಿಗಿಹಿಡಿದು ಕೂರುತ್ತಾರೆ. ಗಂಡ ಹೆಂಡತಿ ಒಟ್ಟಿಗೆ ಹೋದರೂ ಫೋನ್ ಒಬ್ಬರ ಕೈಯಲ್ಲಿ ಮಾತ್ರ ಇರುತ್ತದೆ. ಚೀಟಿ ಇಬ್ಬರ ಕುತ್ತಿಗೆಯಲ್ಲೂ ಇರಲಿ. ತಪ್ಪಿಹೋದರೆ ಯಾವ ಕಂಬದ ಹತ್ತಿರ, ಯಾವ ನಮಾಜಿನ ನಂತರ ಸೇರುವುದು ಎಂದು ಮೊದಲೇ ಮಾತಾಡಿಕೊಳ್ಳಲಿ.

ಒಳ್ಳೆಯ ಬಾಯಲ್ಲಿ ಕೆಟ್ಟದ್ದು ಯಾಕೆ ಉಸ್ತಾದರೇ, ಅಲ್ಲಾಹು ಕಾಯುತ್ತಾನೆ ಎಂದು ಹೇಳುವವರಿದ್ದಾರೆ. ಕಾಯುವವನು ಅವನೇ, ಅದರಲ್ಲಿ ಸಂಶಯ ಇಲ್ಲ. ಆದರೆ ಒಂಟೆ ಕಟ್ಟದೆ ತವಕ್ಕುಲ್ ಮಾಡಲು ನಮಗೆ ಯಾರೂ ಕಲಿಸಿಲ್ಲ. ಸಾಲ ಕೊಡುವಾಗ ಬರೆದಿಟ್ಟುಕೊಳ್ಳಿ ಎಂದು ಆಜ್ಞೆ ಇರುವ ಕಿತಾಬ್ ನಮ್ಮದು. ಮಗನ ನಂಬರ್ ಬರೆದಿಡುವುದು ಅಪಶಕುನ ಹೇಗಾದೀತು?

ಜಮಾಅತ್ ಕಮಿಟಿಗಳಿಗೂ ಇಲ್ಲಿ ಕೆಲಸ ಉಂಟು. ಮೊಹಲ್ಲಾದಲ್ಲಿ ವಂತಿಗೆ ಪುಸ್ತಕ ಉಂಟು, ನಿಖಾಹ್ ಪುಸ್ತಕ ಉಂಟು, ಹೊರದೇಶದಲ್ಲಿ ಇರುವವರ ಪುಸ್ತಕ ಎಷ್ಟು ಮಸೀದಿಗಳಲ್ಲಿ ಉಂಟು? ಯಾವ ಮನೆಯವರು ಯಾವ ದೇಶ, ಯಾವ ಊರಿನಲ್ಲಿದ್ದಾರೆ, ಅವರ ಅಲ್ಲಿಯ ನಂಬರ್ ಎಂತ, ಇಷ್ಟಿದ್ದರೆ ಸಾಕು. ಒಂದೇ ಊರಿನಲ್ಲಿರುವ ನಾಲ್ಕು ಮಂದಿಯಲ್ಲಿ ಒಬ್ಬ ಸಿಕ್ಕಿದರೂ ಉಳಿದ ಮೂವರ ಸುದ್ದಿ ಸಿಗುತ್ತದೆ. ಇದರ ಫೋಟೊ ತೆಗೆದು ಮೊಹಲ್ಲಾ ಗ್ರೂಪಿಗೆ ಹಾಕುವುದು ಮಾತ್ರ ಖಂಡಿತ ಬೇಡ. ಹೆಂಗಸರ ನಂಬರ್ ಅದರಲ್ಲಿ ಬರೆಯುವ ಅಗತ್ಯವೂ ಇಲ್ಲ, ಮನೆಯವರು ಯಾವ ನಂಬರ್ ಕೊಡುತ್ತಾರೋ ಅದನ್ನಷ್ಟೇ ಬರೆಯಲಿ. ಪುಸ್ತಕ ಖತೀಬರ ಕೋಣೆಯ ಕಪಾಟಿನಲ್ಲಿರಲಿ. ಬೀಗದ ಕೈ ಇಬ್ಬರಲ್ಲಿ ಇರಲಿ, ಒಬ್ಬರು ರಜೆಯಲ್ಲಿ ಊರಿಗೆ ಹೋದರೂ ಕಪಾಟು ತೆರೆಯುವಂತಿರಬೇಕು. ವರ್ಷಕ್ಕೊಮ್ಮೆ, ರಮಳಾನಿನ ಮೊದಲು ವಂತಿಗೆ ವಸೂಲಿಗೆ ಮನೆ ಮನೆಗೆ ಹೇಗೂ ಹೋಗುತ್ತಾರೆ, ಆಗಲೇ ನಂಬರ್ ಬದಲಾಗಿದೆಯಾ ಎಂದು ಕೇಳಿ ತಿದ್ದಿಕೊಂಡು ಬರಬಹುದು.